ಗುಜರಿ ಬಿಲ್ಲಿನ ಹೆದೆ ನಡುವೆ ನಿಲ್ಲುತ್ತಿಲ್ಲ: ತಪ್ಪು ಲಿಂಬಿನದೋ, ರೈಸರಿನದೋ?

ಪ್ರಶ್ನೆ: ಗುಜರಿಯಲ್ಲಿ ಹಳೆಯ ಟೇಕ್‌ಡೌನ್ ರಿಕರ್ವ್ (ಬಿಚ್ಚಿ ಜೋಡಿಸುವ, ತುದಿಗಳು ಗುರಿಯ ಕಡೆಗೆ ಬಾಗಿದ) ಬಿಲ್ಲಿನ ಎರಡು ಲಿಂಬ್, ಅಂದರೆ ಬಗ್ಗುವ ತೋಳುಗಳು, ಸಿಕ್ಕಿದವು. ಮೇಲೆ ‘66 ಇಂಚು, 28ಕ್ಕೆ 30 ಪೌಂಡ್’ ಎಂದು ಬರೆದಿದೆ, ಅಂದರೆ 28 ಇಂಚು ಎಳೆದಾಗ 30 ಪೌಂಡ್ ಬಲ. ರೈಸರ್, ಅಂದರೆ ಹಿಡಿ ಇರುವ ನಡುಭಾಗ, ಇರಲಿಲ್ಲ, ಗಟ್ಟಿ ಮರದಲ್ಲಿ ನಾನೇ ಒಂದನ್ನು ಕೆತ್ತಿ ಜೋಡಿಸಿದೆ. ಹೆದೆ ಏರಿಸಿದರೆ ಕೆಳಗಿನ ಲಿಂಬಿನಲ್ಲಿ ಸರಿಯಾಗಿ ನಡುವೆ ಕೂರುತ್ತದೆ. ಮೇಲಿನ ಲಿಂಬಿನಲ್ಲಿ ಒಂದು ಬೆರಳಿನಷ್ಟು ಎಡಕ್ಕೆ ಹೋಗುತ್ತದೆ. ಒಮ್ಮೆ ಜಾರಿ ಕಳಚಿಯೂ ಹೋಯಿತು. ಲಿಂಬ್ ತಿರುಚಿದೆ, ಎಸೆದುಬಿಡು ಅನ್ನುತ್ತಾರೆ ಗೆಳೆಯರು. ನಿಜವೇ? ನನ್ನ ಹತ್ತಿರ ಕೆಟ್ಟುಹೋದ ಕಾಂಪೌಂಡ್ (ಗಾಲಿ, ಕೇಬಲ್ ಇರುವ) ಬಿಲ್ಲೂ ಒಂದಿದೆ. ಅದರಿಂದ ಏನಾದರೂ ಉಪಯೋಗವಾಗುತ್ತದೆಯೇ?

ಉತ್ತರ: ಲಿಂಬ್ ಎಸೆಯಬೇಡಿ. ಆದರೆ ಈ ಉತ್ತರ ಓದಿ ಮುಗಿಸುವವರೆಗೆ ಹೆದೆಯನ್ನೂ ಏರಿಸಬೇಡಿ. ಹೆದೆ ಒಮ್ಮೆ ಜಾರಿತು ಅಂದಿರಲ್ಲ, ಅದು ಸಣ್ಣ ವಿಷಯ ಅಲ್ಲ. ರಿಕರ್ವ್ ಬಿಲ್ಲಿನಲ್ಲಿ ಹೆದೆ ಲಿಂಬಿನ ತುದಿಯ ಬಾಗಿನ ಮೇಲೆ ಒರಗಿಕೊಂಡಿರುತ್ತದೆ. ನೇರ ಬಿಲ್ಲಾದರೆ ಸ್ವಲ್ಪ ಓರೆಯನ್ನು ತಾಳಿಕೊಳ್ಳುತ್ತದೆ. ರಿಕರ್ವ್ ತಾಳಿಕೊಳ್ಳುವುದಿಲ್ಲ. ಹೆದೆ ಬದಿಗೆ ಸರಿದಷ್ಟೂ ತುದಿಯನ್ನು ಇನ್ನಷ್ಟು ತಿರುಚುತ್ತದೆ, ತುದಿ ತಿರುಚಿದಷ್ಟೂ ಹೆದೆ ಇನ್ನಷ್ಟು ಸರಿಯುತ್ತದೆ. ಕೊನೆಗೆ ಪಟ್ ಅಂತ ಕಳಚುತ್ತದೆ. ಮುಖ ಹತ್ತಿರ ಇರಲಿಲ್ಲ ತಾನೆ?

ಹಾಗಾಗಿ ಮೊದಲು ಹೆದೆ ಜಾರಿದ ಪೆಟ್ಟಿಗೆ ಲಿಂಬ್ ಏಟು ತಿಂದಿದೆಯೋ ನೋಡಿಬಿಡೋಣ. ಒಂದು ಹತ್ತಿ ಉಂಡೆಯನ್ನು ಲಿಂಬಿನ ಎರಡೂ ಅಂಚಿನ ಮೇಲೆ ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯಿರಿ. ಬರಿಗೈ ಬೇಡ, ಫೈಬರ್‌ಗ್ಲಾಸ್ ಸಿಬಿರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಭೂತಕನ್ನಡಿ ಹಿಡಿದು ನೋಡಿ. ಉದ್ದಕ್ಕೆ ಹೋಗುವ ಕೂದಲೆಳೆಯಂಥ ಗೆರೆ ಎಷ್ಟೋ ಸಲ ಬಣ್ಣದ್ದೋ ವಾರ್ನಿಶ್‌ನದ್ದೋ ಆಗಿರುತ್ತದೆ. ಅಡ್ಡಕ್ಕೆ ಹೋಗುವ ಗೆರೆ, ಅದರಲ್ಲೂ ಬೆಳ್ಳಗೆ ಕಾಣುವಂಥದ್ದು, ಬಿರುಕು. ಅಂಥ ಲಿಂಬಿಗೆ ಅಂಟು ಹಾಕಿ ಬದುಕಿಸುತ್ತೇನೆ ಅನ್ನಬೇಡಿ. ಪದರಗಳು ಬಿಟ್ಟುಕೊಂಡಿವೆಯೋ ತಿಳಿಯಲು ಬೆರಳ ಗೆಣ್ಣಿನಿಂದ ಅಂಗುಲ ಅಂಗುಲಕ್ಕೂ ತಟ್ಟಿ ನೋಡಿ. ಮಡಕೆ ತಟ್ಟಿ ಕೊಳ್ಳುತ್ತೇವಲ್ಲ, ಹಾಗೆ. ದನಿ ಒಂದು ಕಡೆ ಬೊಡ್ಡಾದರೆ ಅಲ್ಲಿ ಪದರ ಬಿಟ್ಟಿರಬಹುದು.

ಲಿಂಬ್ ಚೆನ್ನಾಗಿದೆ ಅಂತಿಟ್ಟುಕೊಳ್ಳಿ. ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ತಿರುಚಿದೆಯೋ ಇಲ್ಲವೋ ಅನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಬಡಗಿಗಳು ಹಲಗೆ ಸೊಟ್ಟವಾಗಿದೆಯೋ ಅಂತ ನೋಡಲು ಎರಡು ಪಟ್ಟಿ ಇಟ್ಟು ನೋಡುತ್ತಾರೆ. ಅದನ್ನೇ ಇಲ್ಲೂ ಮಾಡಿ. ನೇರವಾದ ಎರಡು ಪಟ್ಟಿ ಸಾಕು, ಹಳೆಯ ಅಡಿಕೋಲು ಆದರೂ ಆದೀತು. ಲಿಂಬನ್ನು ಬಿಚ್ಚಿ, ಒಂದನ್ನು ಬುಡದಲ್ಲಿ ಅಡ್ಡಲಾಗಿ, ಇನ್ನೊಂದನ್ನು ತುದಿಯ ಹತ್ತಿರ ಅಡ್ಡಲಾಗಿ ಟೇಪಿನಿಂದ ಅಂಟಿಸಿ. ಬುಡದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಎರಡು ಪಟ್ಟಿಯೂ ಒಂದಕ್ಕೊಂದು ಸಮಾನಾಂತರವಾಗಿ ಕಂಡರೆ ಲಿಂಬ್ ತಿರುಚಿಲ್ಲ. ಅಷ್ಟೇ.

ಇನ್ನೂ ಒಂದು ಪರೀಕ್ಷೆ ಇದೆ. ಮೇಲಿನ ಲಿಂಬನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿ. ಹೆದೆ ಏರಿಸುವ ಅಗತ್ಯವಿಲ್ಲ, ಒಂದು ತುದಿಯ ನಾಕ್‌ನಿಂದ (ಹೆದೆ ಸಿಕ್ಕಿಸುವ ಕಚ್ಚಿನಿಂದ) ಇನ್ನೊಂದು ತುದಿಯ ನಾಕ್‌ಗೆ ಹೊಲಿಗೆ ದಾರ ಬಿಗಿಯಾಗಿ ಎಳೆದು ಕಟ್ಟಿದರೆ ಸಾಕು. ಎರಡೂ ಲಿಂಬಿನ ಬುಡದಲ್ಲಿ ನಡುಗೆರೆ ಹಾಕಿಕೊಂಡಿರಿ. ಓರೆ ಈಗ ಕೆಳಗೆ ಬಂದರೆ ತಪ್ಪು ಲಿಂಬಿನದು, ಅದು ತಾನು ಹೋದಲ್ಲಿಗೆ ಓರೆಯನ್ನೂ ಹೊತ್ತುಕೊಂಡು ಹೋಯಿತು. ಓರೆ ಮೇಲೆಯೇ ಉಳಿದರೆ ತಪ್ಪು ನೀವು ಕೆತ್ತಿದ ರೈಸರಿನದು.

ಪಂದ್ಯ ಕಟ್ಟುವುದಾದರೆ ನಾನು ರೈಸರಿನ ಮೇಲೆ ಕಟ್ಟುತ್ತೇನೆ. ಅದರಲ್ಲೂ ಪಿನ್ನಿನ ತೂತಿನ ಮೇಲೆ.

ಕಾರಣ ಹೇಳುತ್ತೇನೆ. ಇಂಥ ಲಿಂಬುಗಳ ಬುಡದಲ್ಲಿ ಒಂದು ದೊಡ್ಡ ಬೋಲ್ಟಿನ ತೂತು ಇರುತ್ತದೆ. ಅದರ ಪಕ್ಕದಲ್ಲಿ, ಲಿಂಬ್ ಅತ್ತಿತ್ತ ತಿರುಗದಂತೆ ಹಿಡಿಯಲು, ಸಣ್ಣ ಪಿನ್ನಿನ ತೂತು ಒಂದೋ ಎರಡೋ ಇರುತ್ತವೆ. ಬೋಲ್ಟಿಗೂ ಪಿನ್ನಿಗೂ ನಡುವೆ 25 ಮಿಲಿಮೀಟರ್ ಅಂತರ ಅಂದುಕೊಳ್ಳಿ. ಲಿಂಬಿನ ಉದ್ದ ಬೋಲ್ಟಿನಿಂದ ತುದಿಗೆ 500 ಮಿಲಿಮೀಟರ್ ಅಂದುಕೊಳ್ಳಿ. ನೀವು ಮರದಲ್ಲಿ ಪಿನ್ನಿನ ತೂತು ಕೊರೆಯುವಾಗ ಡ್ರಿಲ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಜಾರಿದರೆ ತುದಿ ಎಷ್ಟು ಸರಿಯುತ್ತದೆ? 20 ಮಿಲಿಮೀಟರ್. ಒಂದು ಬೆರಳಿನಷ್ಟು! ಗಟ್ಟಿ ಮರದಲ್ಲಿ ಸಣ್ಣ ಡ್ರಿಲ್ ಬಿಟ್ ಮರದ ಎಳೆ ಹಿಡಿದು ಒಂದು ಮಿಲಿಮೀಟರ್ ಜಾರುವುದು ದಿನಾ ನಡೆಯುವ ವಿಷಯ.

ಸರಿಪಡಿಸುವುದು ಹೀಗೆ. ರೈಸರಿನ ಪಿನ್ ತೂತಿಗೆ ಗಟ್ಟಿಮರದ ಗುಂಡು ಕಡ್ಡಿಯನ್ನು ಇಪಾಕ್ಸಿ ಹಚ್ಚಿ ಬಡಿದು ತುಂಬಿ. ಒಂದು ದಿನ ಬಿಡಿ. ಮೇಲ್ಮೈ ಸಮ ಮಾಡಿ. ಈಗ ಲಿಂಬುಗಳನ್ನು ಬೋಲ್ಟಿನಲ್ಲಿ ಮಾತ್ರ ಹಿಡಿಸಿ, ಕೈಯಲ್ಲಿ ಒತ್ತಿ ತಿರುಗಿಸಿದರೆ ತಿರುಗುವಷ್ಟು ಬಿಗಿ ಸಾಕು. ತುದಿಯಿಂದ ತುದಿಗೆ ದಾರ ಕಟ್ಟಿ. ದಾರ ಎರಡೂ ಬೋಲ್ಟಿನ ನಟ್ಟನಡುವಿನ ಮೇಲೆ, ಹಿಡಿಯ ನಡುಗೆರೆಯ ಮೇಲೆ ಹಾದುಹೋಗುವವರೆಗೆ ಲಿಂಬನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ. ಸರಿಹೋದಾಗ ಕ್ಲಾಂಪ್ ಹಾಕಿ ಬಿಗಿಮಾಡಿ. ಆಮೇಲೆ ಲಿಂಬಿನಲ್ಲಿ ಮೊದಲೇ ಇರುವ ಪಿನ್ನಿನ ತೂತನ್ನೇ ದಾರಿಯಾಗಿ ಬಳಸಿ ಮರವನ್ನು ಕೊರೆಯಿರಿ. ಬಹಳ ಜನ ಮೊದಲು ಅಳೆದು ಗುರುತು ಹಾಕಿ ಕೊರೆದು, ಆಮೇಲೆ ಲಿಂಬ್ ಕೂರಿಸುತ್ತಾರೆ. ನಾನೂ ಮಾಡಿದ್ದೇನೆ. ಅಳತೆ ಎಷ್ಟೇ ಚೆನ್ನಾಗಿದ್ದರೂ ದಾರದಷ್ಟು ಸತ್ಯ ಹೇಳುವುದಿಲ್ಲ. ಇನ್ನೊಂದು, ಏನೇ ಆದರೂ ಲಿಂಬಿನಲ್ಲಿ ಹೊಸ ತೂತು ಕೊರೆಯಬೇಡಿ. ಇರುವ ತೂತನ್ನು ದೊಡ್ಡದೂ ಮಾಡಬೇಡಿ.

ಪಟ್ಟಿ ಪರೀಕ್ಷೆಯಲ್ಲಿ ಲಿಂಬ್ ನಿಜಕ್ಕೂ ತಿರುಚಿದ್ದೇ ಕಂಡರೆ? ಸ್ವಲ್ಪ ತಿರುಚಿದ್ದರೆ, ಮರ ಮತ್ತು ಫೈಬರ್‌ಗ್ಲಾಸಿನ ಹಳೆಯ ಲಿಂಬಾದರೆ, ಸರಿಮಾಡಬಹುದು. ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ತಿರುಚಿದ ಭಾಗವನ್ನು ಕೆಲವು ನಿಮಿಷ ಅದ್ದಿ, ವಿರುದ್ಧ ದಿಕ್ಕಿಗೆ ಬೇಕಾದ್ದಕ್ಕಿಂತ ತುಸು ಜಾಸ್ತಿ ತಿರುಗಿಸಿ ಹಿಡಿದುಕೊಂಡು, ತಣ್ಣೀರಿನಲ್ಲಿ ಆರಿಸಿ. ಎರಡು ಮೂರು ಸಲ ಮಾಡಬೇಕಾಗಬಹುದು. ಕುದಿಯುವ ನೀರು, ಹೀಟ್ ಗನ್ ಹತ್ತಿರವೂ ತರಬೇಡಿ, ಪದರಗಳನ್ನು ಹಿಡಿದಿರುವ ಇಪಾಕ್ಸಿ ಮೆತ್ತಗಾಗುತ್ತದೆ. ಕಾರ್ಬನ್, ಫೋಮ್ ಲಿಂಬುಗಳಿಗೆ ಈ ವೈದ್ಯ ಬೇಡ.

ಇನ್ನು ನೀವು ಕೇಳದೇ ಇದ್ದ ಒಂದು ಮಾತು. ನನಗೆ ಓರೆಗಿಂತ ಜಾಸ್ತಿ ಚಿಂತೆ ಇದರದ್ದೇ. ಬೋಲ್ಟನ್ನು ಮರದಲ್ಲಿ ಹೇಗೆ ಹಿಡಿಸಿದ್ದೀರಿ?

ಲಿಂಬ್ ಕೂರುವುದು ರೈಸರಿನ ಗುರಿಯ ಕಡೆಯ ಮುಖದ ಮೇಲೆ. ಹೆದೆ ತುದಿಯನ್ನು ನಿಮ್ಮ ಕಡೆಗೆ ಎಳೆಯುತ್ತದೆ. ಆಗ ಲಿಂಬ್ ರೈಸರಿನ ಅಂಚನ್ನು ಊರಿಕೊಂಡು ಸನ್ನೆಗೋಲಿನಂತೆ ತಿರುಗಲು ನೋಡುತ್ತದೆ, ಬುಡ ಗುರಿಯ ಕಡೆಗೆ ಎದ್ದುಬರಲು ಒದ್ದಾಡುತ್ತದೆ. ಅದನ್ನು ತಡೆದು ಹಿಡಿದಿರುವುದು ಆ ಒಂದು ಬೋಲ್ಟ್. ಲೆಕ್ಕ ನೋಡಿ: 30 ಪೌಂಡಿನ ಬಿಲ್ಲು ಅಂದರೆ ಒಂದೊಂದು ತುದಿಗೆ 15 ಪೌಂಡ್. ಅಂಚಿನಿಂದ ತುದಿಗೆ 20 ಇಂಚು, ಅಂಚಿನಿಂದ ಬೋಲ್ಟಿಗೆ ಎರಡೂವರೆ ಇಂಚು ಅಂದರೆ ಎಂಟು ಪಟ್ಟು. ಬೋಲ್ಟಿನ ಮೇಲೆ 120 ಪೌಂಡ್ ಎಳೆತ. ಹೆದೆ ಓರೆಯಾಗಿ ಎಳೆಯುವುದರಿಂದ ನಿಜದಲ್ಲಿ ಇದಕ್ಕಿಂತ ಜಾಸ್ತಿಯೇ.

ನನ್ನ ಮೊದಲ ರೈಸರಿನಲ್ಲಿ ಹಿತ್ತಾಳೆಯ ಥ್ರೆಡ್ ಇರುವ ಇನ್ಸರ್ಟನ್ನು, ಅಂದರೆ ಬೋಲ್ಟ್ ಹಿಡಿಯುವ ಕೊಳವೆಯನ್ನು, ಗುರಿಯ ಕಡೆಯಿಂದಲೇ ತಿರುಗಿಸಿ ಕೂರಿಸಿದ್ದೆ. ನೋಡಲು ಚೆನ್ನಾಗಿತ್ತು, ಹಿಂದುಗಡೆ ತೂತಿಲ್ಲ, ಏನಿಲ್ಲ. ಎಳೆದು ನೋಡುವಾಗ 18 ಇಂಚಿಗೆ ಬಂದಿರಬೇಕು, ಹಲ್ಲು ಕಿತ್ತ ಹಾಗೆ ಇನ್ಸರ್ಟ್ ಮರದ ಪುಡಿಯ ಸಮೇತ ಹೊರಗೆ ಬಂತು. ಕೈಯಲ್ಲಿ ಎಳೆಯುತ್ತಿರಲಿಲ್ಲ, ಹಗ್ಗ ಕಟ್ಟಿ ದೂರದಿಂದ ಎಳೆಯುತ್ತಿದ್ದೆ. ಅದೇ ಪುಣ್ಯ. ಅಲ್ಲಿಂದ ಈಚೆಗೆ ಒಂದೇ ರೀತಿ: ರೈಸರಿನ ಆಚೆಯಿಂದ ಈಚೆಗೆ ಪೂರ್ತಿ ತೂತು ಕೊರೆದು, ನಟ್ಟನ್ನು ಬಿಲ್ಲುಗಾರನ ಕಡೆಯಿಂದ ಅಗಲ ವಾಷರ್ ಹಾಕಿ ಕೂರಿಸುತ್ತೇನೆ. ಆಗ ಎಳೆತ ಜಾಸ್ತಿಯಾದಷ್ಟೂ ನಟ್ ಮರಕ್ಕೆ ಇನ್ನೂ ಒತ್ತಿ ಕೂರುತ್ತದೆಯೇ ಹೊರತು ಕಿತ್ತುಬರುವುದಿಲ್ಲ. ನಿಮ್ಮದು ಗುರಿಯ ಕಡೆಯಿಂದ ಕೂರಿಸಿದ ಇನ್ಸರ್ಟ್ ಆಗಿದ್ದರೆ, ಅಥವಾ ದೇವರೇ, ಮರದ ಸ್ಕ್ರೂ ಆಗಿದ್ದರೆ, ದಯವಿಟ್ಟು ಬದಲಿಸಿ.

ಲಿಂಬ್ ಕೂರುವ ಜಾಗದ ಇಳಿಜಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಆಗಲೇ ಕೆತ್ತಿಯಾಗಿದೆ. ಎರಡು ವಿಷಯ ನೋಡಿಕೊಳ್ಳಿ. ಮೇಲಿನ ಕೆಳಗಿನ ಜಾಗಗಳ ಮೇಲೆ ಅದೇ ಎರಡು ಪಟ್ಟಿ ಅಡ್ಡ ಇಟ್ಟು ನೋಡಿದರೆ ಸಮಾನಾಂತರವಾಗಿರಬೇಕು. ಜಾಗವೇ ಒಂದು ಬದಿಗೆ ವಾಲಿದ್ದರೆ ಲಿಂಬ್ ಬಾಗುತ್ತಾ ಬಾಗುತ್ತಾ ಪಕ್ಕಕ್ಕೆ ಹೋಗುತ್ತದೆ, ದಾರದ ಪರೀಕ್ಷೆಯಲ್ಲಿ ಇದು ಪೂರ್ತಿ ಕಾಣುವುದಿಲ್ಲ. ಎರಡನೆಯದು, ಈ ಲಿಂಬುಗಳ ಮೂಲ ರೈಸರಿಗಿಂತ ನಿಮ್ಮದು ಗಿಡ್ಡವಾಗಿದ್ದರೆ ಬಿಲ್ಲು ಗಡುಸಾಗುತ್ತದೆ. ಎರಡು ಇಂಚು ಗಿಡ್ಡವಾದರೆ ಸುಮಾರು 2 ಪೌಂಡ್ ಏರುತ್ತದೆ. ಲಿಂಬಿನ ಮೇಲೆ ಬರೆದ 30 ಎಂಬುದು ಅದರ ಸ್ವಂತ ರೈಸರಿನ ಮೇಲಿನ ಮಾತು, ನಿಮ್ಮದರ ಮೇಲಿನದಲ್ಲ.

ಹಾಗಾದರೆ ನಿಮ್ಮ ಬಿಲ್ಲು ಎಷ್ಟು ಪೌಂಡ್? ಅಳೆದೇ ನೋಡಬೇಕು. ಗಟ್ಟಿ ಕಂಬಕ್ಕೆ ರೈಸರಿನ ಹಿಡಿಯನ್ನು ಕಟ್ಟಿ. ಹೆದೆಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಅದಕ್ಕೆ ಹಗ್ಗ, ಹಗ್ಗ ಒಂದು ರಾಟೆಯ ಮೇಲೆ. ನೀವು ಪಕ್ಕದಲ್ಲಿ, ಬಿಲ್ಲಿನ ಸಾಲಿನಿಂದ ದೂರ, ಕಣ್ಣಿಗೆ ಕನ್ನಡಕ ಹಾಕಿಕೊಂಡು ನಿಲ್ಲಿ. ಮೊದಲ ದಿನ 20 ಇಂಚು ದಾಟಬೇಡಿ. ಹತ್ತು ಸಲ ಎಳೆದು ಬಿಡಿ, ಬಿಡುವುದು ಅಂದರೆ ನಿಧಾನವಾಗಿ ಇಳಿಸುವುದು. ಆಮೇಲೆ ಇಂಚು ಇಂಚಾಗಿ ಮುಂದೆ ಹೋಗುತ್ತಾ ಒಂದೊಂದಕ್ಕೂ ತೂಕ ಬರೆದುಕೊಳ್ಳಿ. ಕೊನೆಯ ಭಾಗದಲ್ಲಿ ಇಂಚಿಗೆ ಎರಡು ಪೌಂಡ್, ಎರಡೂವರೆ ಪೌಂಡ್ ಏರಿದರೆ ಸರಿ. ತಟ್ಟನೆ ನಾಲ್ಕು ಐದಕ್ಕೆ ಹಾರಿದರೆ ಬಿಲ್ಲು ‘ಸಾಕು’ ಅನ್ನುತ್ತಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ. 30 ಪೌಂಡ್ ಅಂದರೆ ತಕ್ಕಡಿಯಲ್ಲಿ 13.6 ಕಿಲೋ. ಎಳೆತದ ಉದ್ದವನ್ನು ಹಿಡಿಯ ಅತಿ ಆಳದ ಜಾಗದಿಂದ ಹೆದೆಯವರೆಗೆ ಅಳೆದು ಅದಕ್ಕೆ ಒಂದೂಮುಕ್ಕಾಲು ಇಂಚು ಸೇರಿಸಬೇಕು, 28 ಇಂಚು ಅಂತ ಲಿಂಬಿನ ಮೇಲೆ ಬರೆಯುವುದು ಆ ಲೆಕ್ಕದಲ್ಲೇ.

ಹೆದೆಯ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಹಳೆಯ ಲಿಂಬಿಗೆ ಡ್ಯಾಕ್ರಾನ್ (ಪಾಲಿಯೆಸ್ಟರ್ ದಾರದ) ಹೆದೆಯೇ ಆಗಬೇಕು. ಈಗಿನ ಹಿಗ್ಗದ ದಾರಗಳು ಬಾಣವನ್ನು ಸ್ವಲ್ಪ ವೇಗವಾಗಿ ಕಳಿಸುತ್ತವೆ, ನಿಜ. ಆದರೆ ಹೆದೆ ಬಿಟ್ಟಾಗಿನ ಪೆಟ್ಟನ್ನು ಪೂರ್ತಿ ತುದಿಗೇ ಕೊಡುತ್ತವೆ. ತುದಿ ಗಟ್ಟಿಮಾಡಿರದ ಹಳೆಯ ಲಿಂಬುಗಳಲ್ಲಿ ನಾಕ್ ಸೀಳಿಹೋಗುತ್ತದೆ. ಡ್ಯಾಕ್ರಾನ್ ತುಸು ಹಿಗ್ಗಿ ಆ ಪೆಟ್ಟನ್ನು ನುಂಗುತ್ತದೆ. 30 ಪೌಂಡಿಗೆ 12 ಎಳೆ ಸಾಕು. ನಿಮ್ಮ ಬಿಲ್ಲಿನ ಒಟ್ಟು ಉದ್ದ 66 ಇಂಚೇ ಆಗಿದ್ದರೆ ಹೆದೆ ಸುಮಾರು 62 ಇಂಚು. ಹೆದೆ ಏರಿಸಲು ಎರಡು ತುದಿಗೂ ಹಾಕುವ ಸ್ಟ್ರಿಂಗರ್ ಹಗ್ಗ ಬಳಸಿ. ಕಾಲ ನಡುವೆ ಬಿಲ್ಲು ತೂರಿಸಿ ಬಗ್ಗಿಸುವ ಹಳೆಯ ಪದ್ಧತಿ ನೋಡಲು ಗತ್ತಾಗಿ ಕಾಣುತ್ತದೆ, ಲಿಂಬ್ ತಿರುಚಿಹೋಗುವುದು ಬಹಳ ಸಲ ಅದರಿಂದಲೇ.

ಹೆದೆ ಏರಿದ ಮೇಲೆ ಹಿಡಿಯ ಆಳದಿಂದ ಹೆದೆಗೆ ಇರುವ ಅಂತರ, ಅಂದರೆ ಬ್ರೇಸ್ ಹೈಟ್, 8 ಇಂಚಿನಿಂದ ಶುರುಮಾಡಿ. ಹೆದೆಗೆ ನಾಲ್ಕೈದು ಸುತ್ತು ಹೆಚ್ಚಿಗೆ ಕೊಟ್ಟರೆ ಅದು ಗಿಡ್ಡವಾಗಿ ಅಂತರ ಏರುತ್ತದೆ. ಎಂಟೂವರೆವರೆಗೆ ಹೋಗುತ್ತಾ ಪ್ರತಿ ಸಲ ಬಾಣ ಹಾಕಿ ಬಿಟ್ಟು ಸದ್ದು ಕೇಳಿ. ಒಂದು ಜಾಗದಲ್ಲಿ ಬಿಲ್ಲಿನ ಕಿರಿಕಿರಿ ಇಳಿದು ‘ಡುಂ’ ಅಂತ ಮೆತ್ತಗಾಗುತ್ತದೆ. ಅದೇ ಅದರ ಜಾಗ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಸುಮ್ನೆ ನೋಡೋಣ ಅಂತ ಕೂಡ.

ಟಿಲರ್ ಅಂದರೆ ಲಿಂಬ್ ರೈಸರನ್ನು ಬಿಡುವ ಜಾಗದಿಂದ ಹೆದೆಗೆ ನೇರ ಅಂತರ. ಬಾಣದ ಮೇಲೊಂದು ಬೆರಳು ಕೆಳಗೆರಡು ಇಟ್ಟು ಎಳೆಯುವವರಾದರೆ ಮೇಲಿನದು ಕೆಳಗಿನದಕ್ಕಿಂತ 3ರಿಂದ 6 ಮಿಲಿಮೀಟರ್ ಜಾಸ್ತಿ ಇರಲಿ. ಉಲ್ಟಾ ಬಂದರೆ ಗಾಬರಿ ಬೇಡ, ಲಿಂಬುಗಳನ್ನು ಅದಲುಬದಲು ಮಾಡಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆಗಲೂ ಕಡಿಮೆ ಬಿದ್ದರೆ ಮೇಲಿನ ಲಿಂಬಿನ ಬುಡದಡಿ, ಬೋಲ್ಟಿನ ಕಡೆ, ಅರ್ಧ ಮಿಲಿಮೀಟರ್ ತಗಡು ಕೊಡಿ, ಪೂರ್ತಿ ಅಗಲಕ್ಕೆ. ಅದಕ್ಕಿಂತ ದಪ್ಪ ಬೇಡ. ಇಲ್ಲೂ ಅದೇ ಎಂಟು ಪಟ್ಟಿನ ಲೆಕ್ಕ: ಬುಡದಲ್ಲಿ 1 ಮಿಲಿಮೀಟರ್ ಎತ್ತಿದರೆ ತುದಿ 8 ಮಿಲಿಮೀಟರ್ ಸರಿಯುತ್ತದೆ.

ಈಗ ನಿಮ್ಮ ಕಾಂಪೌಂಡ್ ಬಿಲ್ಲು. ಅದರ ಕೇಬಲ್ ಇನ್ನೂ ಬಿಗಿಯಾಗಿದ್ದರೆ ಕತ್ತರಿಸಲು ಹೋಗಬೇಡಿ, ಬಿಚ್ಚಲೂ ಹೋಗಬೇಡಿ. ಸುಮ್ಮನೆ ಗೋಡೆಗೆ ನೇತುಹಾಕಿದ್ದಾಗಲೂ ಅದರ ಲಿಂಬುಗಳು ಬಗ್ಗಿಯೇ ಇರುತ್ತವೆ. ಲಿಂಬುಗಳನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಇರುವವರ ಕೈಗೆ ಕೊಡಿ. ಬಿಚ್ಚಿದ ಮೇಲೆ ಅದರ ಲಿಂಬುಗಳನ್ನು ಮರೆತುಬಿಡಿ. ಅವು ಗಿಡ್ಡ, ಬಲು ಗಡುಸು, ಗಾಲಿಗಳ ಸಹಾಯವಿಲ್ಲದೆ ನೇರ ಹೆದೆ ಕಟ್ಟಿದರೆ ಕೆಲವೇ ಇಂಚಿಗೆ ಗೋಡೆಯಂತೆ ನಿಲ್ಲುತ್ತವೆ. ಆದರೆ ಲೋಹದ ರೈಸರ್ ಒಳ್ಳೆಯ ಮಾಲು. ತೂಕ ಇದೆ, ಕೈ ನಡುಗುವುದಿಲ್ಲ. ಎರಕದ ರೈಸರಾದರೆ ಬೋಲ್ಟಿನ ತೂತಿನ ಸುತ್ತ ಬಿರುಕಿದೆಯೋ ಬಣ್ಣ ಕೆರೆದು ನೋಡಿ. ಲಿಂಬ್ ಕೂರುವ ಗೂಡಿನ ಇಳಿಜಾರು ನಿಮ್ಮ ಲಿಂಬಿಗೆ ಹೊಂದುವುದು ಅಪರೂಪ, ಗಟ್ಟಿಮರದ ಬೆಣೆ ಮಾಡಿ ಹೊಂದಿಸಬೇಕು. ಅದನ್ನೂ ದಾರ ಕಟ್ಟಿಯೇ ಹೊಂದಿಸಿ. ಇನ್ನೊಂದು, ಇಂಥ ರೈಸರಿನ ಕಿಟಕಿಯನ್ನು (ಬಾಣ ಹಾದುಹೋಗುವ ಕಚ್ಚನ್ನು) ನಡುಗೆರೆ ದಾಟಿ ಒಳಗೆ ಕತ್ತರಿಸಿರುತ್ತಾರೆ. ಬಾಣ ಕೂರುವ ರೆಸ್ಟನ್ನು ಹೊರಗೆ ತಂದು, ಹಿಂದಿನಿಂದ ನೋಡಿದಾಗ ಬಾಣದ ಮೊನೆ ಹೆದೆಯ ಗೆರೆಯಿಂದ ಸ್ವಲ್ಪವೇ ಹೊರಗೆ, ಬಲಗೈಯವರಿಗೆ ಎಡಕ್ಕೆ, ಕಾಣುವಂತೆ ಇಡಬೇಕು. ನನ್ನ ಕೇಳಿದರೆ, ಮರದ ರೈಸರನ್ನು ಮೊದಲು ಸರಿಮಾಡಿ, ಇದನ್ನು ಆಮೇಲಿನ ಕೆಲಸವಾಗಿ ಇಟ್ಟುಕೊಳ್ಳಿ. ಒಂದೇ ಸಲ ಎರಡು ಪ್ರಯೋಗ ಮಾಡಿದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುವುದಿಲ್ಲ.

ಬಾಣ ತೀರಾ ಹಗುರ ಬೇಡ. ಹಳೆಯ ಲಿಂಬಿಗೆ ಪೌಂಡಿಗೆ 9 ಗ್ರೇನ್ ಲೆಕ್ಕ ಹಿಡಿದರೆ 30 ಪೌಂಡಿಗೆ 270 ಗ್ರೇನ್, ಅಂದರೆ ಹದಿನೇಳೂವರೆ ಗ್ರಾಂ. ಹೆದೆಯ ಮೇಲೆ ನಾಕ್ ಪಾಯಿಂಟನ್ನು, ಅಂದರೆ ಬಾಣದ ಹಿಂತುದಿ ಸಿಕ್ಕಿಸುವ ಗುರುತನ್ನು, ರೆಸ್ಟಿನಿಂದ ಲಂಬಕ್ಕೆ 10 ಮಿಲಿಮೀಟರ್ ಮೇಲೆ ಕಟ್ಟಿ ಶುರುಮಾಡಿ. ಹತ್ತಿರದಿಂದ ಎರಡು ಮೂರು ಗರಿಯ ಬಾಣ, ಒಂದು ಗರಿ ಇಲ್ಲದ ಬಾಣ ಬಿಟ್ಟು ನೋಡಿ. ಗರಿ ಇಲ್ಲದ್ದು ಉಳಿದವಕ್ಕಿಂತ ಮೇಲೆ ನೆಟ್ಟರೆ ನಾಕ್ ಪಾಯಿಂಟ್ ಕೆಳಗಿದೆ, ಕೆಳಗೆ ನೆಟ್ಟರೆ ಮೇಲಿದೆ. ಬಲಗೈಯವರಿಗೆ ಅದು ಎಡಕ್ಕೆ ಹೋದರೆ ಬಾಣ ಬಿಲ್ಲಿಗೆ ಗಡುಸಾಯಿತು, ಬಲಕ್ಕೆ ಹೋದರೆ ಮೆದುವಾಯಿತು. ಆದರೆ ಎತ್ತರವನ್ನು ಸರಿಮಾಡಿಕೊಳ್ಳದೆ ಎಡಬಲದ ಗೋಜಿಗೆ ಹೋಗಬೇಡಿ.

ಮೊದಲ 50 ಬಾಣ ಆದ ಮೇಲೆ ಹೆದೆ ಇಳಿಸಿ, ಎರಡೂ ಬೋಲ್ಟನ್ನು ಮತ್ತೆ ಕೀಲಿಯಿಂದ ಮುಟ್ಟಿ ನೋಡಿ. ಹೊಸ ಮರ ವಾಷರಿನಡಿ ಸ್ವಲ್ಪ ಕುಗ್ಗುತ್ತದೆ. ನನ್ನ ಈಗಿನ ಬಿಲ್ಲಿನಲ್ಲಿ ಮೇಲಿನದು ಕಾಲು ಸುತ್ತು ಸಡಿಲವಾಗಿತ್ತು. ಬಿಗಿಮಾಡಿ, ಮತ್ತೆ ದಾರ ಕಟ್ಟಿ ನೋಡಿದೆ, ಗೆರೆ ಅಲ್ಲೇ ಇತ್ತು.